ಬಾಲಾಲಯ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಗೃಹಸ್ಥರಿಲ್ಲ. ಆದರೆ ಹಳೆಯ ಮನೆಯ ಹೆಂಚು ಇಳಿಸಿದ ದಿನದಿಂದ ಹೊಸ ಮನೆಯ ಬಾಗಿಲಿಗೆ ತೋರಣ ಕಟ್ಟುವ ದಿನದವರೆಗೆ ಸಂಸಾರವು ಎಲ್ಲಿರಬೇಕು, ಹೇಗಿರಬೇಕು ಎಂಬುದನ್ನು ಗಾದೆ ಮಾಡಿದ ಪುಣ್ಯಾತ್ಮರು ಹೇಳದೆ ಬಿಟ್ಟರು. ಆ ನಡುಗಾಲದಲ್ಲಿ ನಾವು ಈಗ ಹನ್ನೊಂದು ತಿಂಗಳಿನಿಂದ ಇದ್ದೇವೆ. ಅದರಲ್ಲಿ ನಾವು ಮಾಡಿದ ಒಂದು ತಪ್ಪನ್ನೂ, ಅದನ್ನು ತಿದ್ದಿಕೊಂಡ ಬಗೆಯನ್ನೂ ವಾಚಕರ ಮುಂದಿಟ್ಟರೆ, ಇಂಥ ಸಂದರ್ಭ ಒದಗಿದವರಿಗೆ ಸ್ವಲ್ಪವಾದರೂ ಉಪಯೋಗವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಊರು ಮಲೆನಾಡಿನ ಸಾಗರ. ಮೂವತ್ತಮೂರು ವರ್ಷಕಾಲ ಹೈಸ್ಕೂಲಿನ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ, 2024ರ ಜುಲೈ ತಿಂಗಳ ಕೊನೆಗೆ ನಿವೃತ್ತರಾದೆವು. ನಮ್ಮ ತಂದೆಯವರು ಕಟ್ಟಿಸಿದ ಮಣ್ಣುಗೋಡೆಯ ಹೆಂಚಿನ ಮನೆಯು ಅರುವತ್ತು ಮಳೆಗಾಲಗಳನ್ನು ಕಂಡು ಬಳಲಿದ್ದಿತು. ಪಕಾಸಿಗಳಿಗೆ ಗೆದ್ದಲು ಹತ್ತಿದ್ದಿತು. ಉತ್ತರದ ಗೋಡೆಯು ಹೊರಕ್ಕೆ ವಾಲಿದ್ದಿತು. ಆಷಾಢದಲ್ಲಿ ಒಳಗೆ ಏಳು ಕಡೆ ಪಾತ್ರೆಗಳನ್ನಿಟ್ಟು ಸೋರುವ ನೀರನ್ನು ಹಿಡಿಯಬೇಕಾಗುತ್ತಿದ್ದಿತು. ನಿವೃತ್ತಿಯ ಹಣ ಕೈಸೇರಿದ ಮೇಲೆ, ಆ ವರ್ಷದ ದೀಪಾವಳಿಯನ್ನು ಹಳೆಯ ಮನೆಯಲ್ಲಿಯೇ ಮಾಡಿ, ಕಾರ್ತಿಕ ಮಾಸದಲ್ಲಿ ಅದನ್ನು ಬಿಚ್ಚಿಸಿದೆವು. ಅದೇ ನಿವೇಶನದಲ್ಲಿ ಹೊಸ ಮನೆಗೆ ಅಸ್ತಿಭಾರ ಹಾಕಿಸಿ, ಮೂರು ಬೀದಿಯಾಚೆ ಒಂದು ಸಣ್ಣ ಬಾಡಿಗೆಯ ಮನೆಯನ್ನು ಹಿಡಿದೆವು. ಮಗನೂ ಮಗಳೂ ದೂರದ ಊರುಗಳಲ್ಲಿ ಉದ್ಯೋಗದಲ್ಲಿರುವುದರಿಂದ, ಈ ಮನೆಗೆ ಬಂದವರು ನಾವು, ನಮ್ಮ ಗೃಹಿಣಿ, ಎಂಭತ್ತನಾಲ್ಕು ವರ್ಷದ ನಮ್ಮ ತಾಯಿಯವರು, ಈ ಮೂವರೇ.

ಬಾಡಿಗೆಗೆ ಹನ್ನೊಂದು ತಿಂಗಳ ಕರಾರಾಯಿತು. ಒಂದು ವರ್ಷವನ್ನು ಮೀರಿದ ಬಾಡಿಗೆಯ ಪತ್ರವನ್ನು 1908ರ ನೋಂದಣಿ ಕಾಯಿದೆಯಂತೆ ರಿಜಿಸ್ಟರು ಮಾಡಿಸಲೇಬೇಕಾದುದರಿಂದ, ಊರೂರಿನಲ್ಲಿಯೂ ಹನ್ನೊಂದು ತಿಂಗಳೇ ರೂಢಿಯಾಗಿದೆ. ಮನೆಯ ಯಜಮಾನರು ಸಜ್ಜನರು. ಗೋಡೆಗೆ ಮೊಳೆ ಹೊಡೆಯಕೂಡದು, ಬಣ್ಣವನ್ನು ಬದಲಿಸಕೂಡದು ಎಂಬ ಎರಡು ಷರತ್ತುಗಳನ್ನು ಮಾತ್ರ ವಿಧಿಸಿದರು. ನಾವು ಅದಕ್ಕೆ ಮೂರನೆಯದೊಂದನ್ನು ಸೇರಿಸಿದೆವು. ಹಳೆಯ ಮನೆಯ ಸಾಮಾನುಗಳನ್ನೆಲ್ಲ ನಲವತ್ತಾರು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಸಿ ತಂದಿದ್ದೆವು. “ಇದು ತಾತ್ಕಾಲಿಕ ವಸತಿ. ತೀರ ಬೇಕಾದುದನ್ನು ಮಾತ್ರ ತೆಗೆಯತಕ್ಕದ್ದು; ಉಳಿದುದು ಕಟ್ಟಿದ ಹಾಗೆಯೇ ಇರಲಿ” ಎಂದು ಅಪ್ಪಣೆ ಮಾಡಿದೆವು. ಎರಡು ಸಲ ಕಟ್ಟುವ ಶ್ರಮ ತಪ್ಪುವುದೆಂಬುದು ನಮ್ಮ ತರ್ಕ.

ಈ ತರ್ಕದ ಫಲವನ್ನು ಹೇಳಬೇಕಾದುದೇನು? ಅಡಿಗೆಯ ಸಾಮಾನೆಂದು ಬರೆದಿದ್ದ ಪೆಟ್ಟಿಗೆಯನ್ನು ಬಿಚ್ಚಿದರೆ ಸಿದ್ಧಾಂತಕೌಮುದಿ ಸಿಕ್ಕುತ್ತಿದ್ದಿತು. ಪುಸ್ತಕದ ಪೆಟ್ಟಿಗೆಯಲ್ಲಿ ಒಗ್ಗರಣೆಯ ಸೌಟು ಸಿಕ್ಕುತ್ತಿದ್ದಿತು. ಬಂದ ನೆಂಟರು ಪೆಟ್ಟಿಗೆಯ ಮೇಲೆಯೇ ಕುಳಿತು ಕಾಫಿ ಕುಡಿದು, “ಹೊಸ ಮನೆ ಯಾವಾಗ?” ಎಂದು ಕೇಳಿ ಹೋಗುತ್ತಿದ್ದರು. ನಮ್ಮ ಮನಸ್ಸೂ ಈ ಮನೆಯಲ್ಲಿರಲಿಲ್ಲ. ಬೆಳಿಗ್ಗೆ ಎದ್ದು ಕಟ್ಟಡದ ಹತ್ತಿರ ಹೋಗುವುದು. ಸಂಜೆ ಬಂದು, ಮಗನು ಮೊಬೈಲಿನಲ್ಲಿ ಕಳುಹಿಸಿದ ದೇಶವಿದೇಶದ ಮನೆಗಳ ಚಿತ್ರಗಳನ್ನು ನೋಡುವುದು. ಎರಡು ಅಂತಸ್ತಿನ ಎತ್ತರದ ಹಜಾರ, ಗಾಜಿನ ಗೋಡೆ, ಹಾಲಿನಂಥ ಬಿಳಿಯ ನೆಲ—ಇವುಗಳನ್ನು ನೋಡಿ ನೋಡಿ ನಮಗೂ ಹಾಗೆಯೇ ಆಗಬೇಕೆನಿಸಿತು. ಎಂಜಿನಿಯರು ಹಾಗೆಯೇ ನಕ್ಷೆ ಬರೆದುಕೊಟ್ಟರು. ಆ ನಕ್ಷೆಯಲ್ಲಿ ತಾಯಿಯವರ ಕೋಣೆಯು ಹಿಂದುಗಡೆಯ ಮೂಲೆಯಲ್ಲಿದ್ದಿತೆಂಬುದನ್ನು ನಾವು ಗಮನಿಸಿಯೂ ಗಮನಿಸದವರಂತೆ ಇದ್ದೆವು.

ಹೀಗೆ ಎರಡು ತಿಂಗಳು ಕಳೆದುವು. ಪುಷ್ಯಮಾಸದ ಒಂದು ಸಂಜೆ ತಾಯಿಯವರ ಕೋಣೆಗೆ ಹೋದಾಗ, ಅವರ ಮಂಚದ ತಲೆದೆಸೆಯಲ್ಲಿ ಒಂದು ಬಟ್ಟೆಯ ಗಂಟನ್ನು ಕಂಡೆವು. ಉಟ್ಟ ಸೀರೆಯ ಹೊರತು ತಮ್ಮದೆಲ್ಲವನ್ನೂ ಮಡಿಸಿ ಗಂಟು ಕಟ್ಟಿ ಇಟ್ಟುಕೊಂಡಿದ್ದರು. ಬೇಕಾದಾಗ ಬಿಚ್ಚುವುದು, ಮತ್ತೆ ಕಟ್ಟಿಡುವುದು.

“ಇದೇಕಮ್ಮಾ, ಗಂಟು ಕಟ್ಟಿಟ್ಟಿದ್ದೀರಿ?” ಎಂದೆವು.

ಅವರು ಸುತ್ತಲೂ ನೋಡಿ, ತಗ್ಗಿದ ದನಿಯಲ್ಲಿ, “ಮಾಣೀ, ಈ ಮನೆಯವರು ಎಂದು ಬರುತ್ತಾರೆ? ನಾವು ಬಂದು ಬಹಳ ದಿನವಾಯಿತು. ನೆಂಟರ ಮನೆಯಲ್ಲಿ ಇಷ್ಟು ದಿನ ಇರಬಾರದು” ಎಂದರು.

ವಯಸ್ಸಿನ ಮರೆವೆಂದು ಎಣಿಸಿ ನಾವು ಹೊರಗೆ ಬಂದೆವು. ಆದರೆ ನಮ್ಮ ಗೃಹಿಣಿ ಹಾಗೆ ಎಣಿಸಲಿಲ್ಲ. ರಾತ್ರಿ ಊಟವಾದ ಮೇಲೆ ಹೇಳಿದಳು: “ಅತ್ತೆಯವರಿಗೆ ಮರೆವಲ್ಲ. ಎಲೆಯಡಿಕೆಯ ಸುಣ್ಣ ಎಲ್ಲಿದೆಯೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾವು ಪೆಟ್ಟಿಗೆ ಬಿಚ್ಚಲಿಲ್ಲ. ಅವರು ಗಂಟು ಬಿಚ್ಚಲಿಲ್ಲ. ಅಷ್ಟೆ. ನಿಮಗೆ ಇದು ಹನ್ನೊಂದು ತಿಂಗಳ ಮಾತು. ಎಂಭತ್ತನಾಲ್ಕರ ಜೀವಕ್ಕೆ ಹನ್ನೊಂದು ತಿಂಗಳೆಂದರೆ ಎಷ್ಟು ಎಂದು ಲೆಕ್ಕ ಹಾಕಿದ್ದೀರಾ?”

ಆ ಲೆಕ್ಕವನ್ನು ನಾವು ಹಾಕಿರಲಿಲ್ಲ. ಹೊಸ ಮನೆಯನ್ನು ಅವರಿಗಾಗಿಯೂ ಕಟ್ಟಿಸುತ್ತಿದ್ದೇವೆಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆವು. ಅವರು ಅದನ್ನು ನೋಡುವರೋ ಇಲ್ಲವೋ ಯಾರು ಬಲ್ಲರು? ಒಂದು ವೇಳೆ ಅವರ ಕೊನೆಯ ಮನೆಯು ಇದೇ ಆದರೆ, ಅದನ್ನು ನಾವು ಸಾಮಾನಿನ ಗುದಾಮಾಗಿ ಮಾಡಿಟ್ಟಿದ್ದೆವು.

ಆ ರಾತ್ರಿ ನಿದ್ರೆ ಬರಲಿಲ್ಲ. ಮಲಗಿಕೊಂಡು ಆಲೋಚಿಸುತ್ತಿರುವಾಗ, ದೇವಾಲಯವು ಜೀರ್ಣವಾದರೆ ಮಾಡಬೇಕಾದುದನ್ನು ನಮ್ಮ ಆಗಮಗಳು ವಿಧಿಸಿರುವುದು ನೆನಪಿಗೆ ಬಂದಿತು. ಗರ್ಭಗುಡಿಯ ಕೆಲಸಕ್ಕೆ ಕೈಹಾಕುವ ಮೊದಲು, ಮೂಲಬಿಂಬದಲ್ಲಿರುವ ಕಲೆಯನ್ನು ಮಂತ್ರಪೂರ್ವಕವಾಗಿ ಕಲಶಕ್ಕೆ ಆವಾಹನೆ ಮಾಡಿ, ಬೇರೆಯಾಗಿ ಏರ್ಪಡಿಸಿದ ಪುಟ್ಟದೊಂದು ಆಲಯದಲ್ಲಿ ಇರಿಸುತ್ತಾರೆ. ಅದಕ್ಕೆ ಬಾಲಾಲಯವೆಂದು ಹೆಸರು, ತರುಣಾಲಯವೆಂದೂ ಹೇಳುವುದುಂಟು. ಕೆಲಸ ಮುಗಿದು ಮತ್ತೆ ಪ್ರತಿಷ್ಠೆಯಾಗುವವರೆಗೆ ನಿತ್ಯದ ಆರಾಧನೆಯು ಅಲ್ಲಿ ನಡೆಯುತ್ತದೆ. ತಿರುಮಲೆಯಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಆಗುವ ಮಹಾಸಂಪ್ರೋಕ್ಷಣೆಯು 2018ರ ಆಗಸ್ಟಿನಲ್ಲಿ ನಡೆದಾಗಲೂ ಇದೇ ಕ್ರಮವನ್ನು ಅನುಸರಿಸಿದರು. ಬಾಲಾಲಯವು ಅಲ್ಪಕಾಲದ್ದೆಂದು ದೀಪಕ್ಕೆ ಲೋಪವಿಲ್ಲ, ನೈವೇದ್ಯಕ್ಕೆ ಲೋಪವಿಲ್ಲ. ದೊಡ್ಡ ಗುಡಿ ಮುಗಿಯುವವರೆಗೆ ದೇವರು ಪೆಟ್ಟಿಗೆಯಲ್ಲಿರಲಿ ಎಂದು ಯಾವ ಆಗಮವೂ ಹೇಳಲಿಲ್ಲ!

ಶ್ರೀರಾಮನ ವನವಾಸವೂ ನೆನಪಾಯಿತು. ಚಿತ್ರಕೂಟದಲ್ಲಿ ಲಕ್ಷ್ಮಣನು ಕಟ್ಟಿದುದು ಎಲೆಗಳ ಗುಡಿಸಲು. ಅದಕ್ಕೂ ವಾಸ್ತುಶಾಂತಿಯನ್ನು ಮಾಡಿಯೇ ರಾಮನು ಒಳಹೊಕ್ಕನೆಂದು ವಾಲ್ಮೀಕಿಗಳು ಹೇಳುತ್ತಾರೆ. ಅಲ್ಲಿ ಅವರು ಬಹುಕಾಲ ಇರಲಿಲ್ಲವೆಂಬುದನ್ನು ರಾಮಾಯಣ ಓದಿದವರೆಲ್ಲ ಬಲ್ಲರು. ಮೂವತ್ತಮೂರು ವರ್ಷ ಇವೇ ಗ್ರಂಥಗಳನ್ನು ಪಾಠ ಹೇಳಿದ ನಮಗೆ, ಅವುಗಳ ಅರ್ಥವು ಒಂದು ಸೀರೆಯ ಗಂಟಿನ ಮುಂದೆ ಹೊಳೆಯಬೇಕಾಯಿತು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಕಟ್ಟಡದ ಕಡೆಗೆ ಹೋಗದೆ, ಪೆಟ್ಟಿಗೆಗಳನ್ನು ಬಿಚ್ಚಲು ಕುಳಿತೆವು. ನಮ್ಮ ಗೃಹಿಣಿಯು ಏನೂ ಹೇಳಲಿಲ್ಲ, ಕತ್ತರಿಯನ್ನು ತಂದುಕೊಟ್ಟಳು. ಮೂರು ದಿನಗಳಲ್ಲಿ ಮೂವತ್ತೆಂಟು ಪೆಟ್ಟಿಗೆಗಳು ಬರಿದಾದುವು. ಉಳಿದ ಎಂಟರಲ್ಲಿದ್ದುದು ನಮಗೆ ಹಳೆಯ ಮನೆಯಲ್ಲಿಯೂ ಬೇಕಾಗಿರಲಿಲ್ಲವೆಂಬುದು ತಿಳಿದು, ಬೇಕಾದವರಿಗೆ ಕೊಟ್ಟುಬಿಟ್ಟೆವು.

ಇನ್ನು ಮೊಳೆಯ ಪ್ರಶ್ನೆ. ತಂದೆಯವರ ಭಾವಚಿತ್ರವನ್ನು ಎಲ್ಲಿ ತೂಗುಹಾಕುವುದು? ಪಂಚಾಂಗ ಎಲ್ಲಿ, ಜಪಮಾಲೆ ಎಲ್ಲಿ? ಆಗ ನಮ್ಮ ಗೃಹಿಣಿಗೆ ಒಂದು ಯುಕ್ತಿ ತೋರಿತು. ಬಿಚ್ಚಿದ ಮನೆಯ ಮರಮುಟ್ಟುಗಳ ರಾಶಿಯಲ್ಲಿ ಹಳೆಯ ದೇವರ ಕೋಣೆಯ ಬಾಗಿಲಿನ ಹಲಗೆಯೊಂದಿದ್ದಿತು. ಅದನ್ನು ತರಿಸಿ, ತೊಳೆದು ಎಣ್ಣೆ ಹಚ್ಚಿ, ಹಜಾರದ ಗೋಡೆಗೆ ಭದ್ರವಾಗಿ ಒರಗಿಸಿ ನಿಲ್ಲಿಸಿದೆವು. ಗೋಡೆಗೆ ಮೊಳೆ ಹೊಡೆಯಬಾರದೇ ಹೊರತು ಬಾಗಿಲಿಗೆ ಹೊಡೆಯಬಾರದೆಂದು ಕರಾರಿನಲ್ಲಿ ಇರಲಿಲ್ಲವಷ್ಟೆ! ಚಿತ್ರವೂ ಪಂಚಾಂಗವೂ ಮಾಲೆಯೂ ಅದರ ಮೇಲೆ ನೆಲೆಗೊಂಡುವು. ಅರುವತ್ತು ವರ್ಷ ಕೈತಾಕಿ ನುಣುಪಾದ ಆ ಹಲಗೆಯು ಬಂದಮೇಲೆ, ಮನೆಯ ಯಜಮಾನರ ಹಸುರು ಬಣ್ಣದ ಗೋಡೆಯೂ ನಮ್ಮದೇ ಎಂಬಂತೆ ತೋರಿತು. ತಾಯಿಯವರ ಎರಡು ಹಳೆಯ ನೂಲಿನ ಸೀರೆಗಳು ಕಿಟಕಿಗಳಿಗೆ ತೆರೆಗಳಾದುವು. ಬಾಗಿಲ ಬಳಿ ಒಂದು ಮಣ್ಣಿನ ಕುಂಡದಲ್ಲಿ ತುಲಸಿಯನ್ನು ನೆಟ್ಟೆವು.

ಮನೆಯನ್ನು ಮನೆಯಾಗಿ ನೋಡತೊಡಗಿದ ಮೇಲೆ ಅದರ ಗುಣಗಳು ಒಂದೊಂದಾಗಿ ಕಂಡುಬಂದುವು. ಅದರ ನೆಲವು ಕೆಂಪು ಗಾರೆಯದು. ಸಿಮೆಂಟಿಗೆ ಕೆಂಪು ಆಕ್ಸೈಡಿನ ಪುಡಿಯನ್ನು ಬೆರೆಸಿ, ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸಿದುದು. ಬೇಸಗೆಯಲ್ಲಿ ಅದರ ಮೇಲೆ ಚಾಪೆಯಿಲ್ಲದೆ ಮಲಗಿದರೂ ಹಿತ. ಪೂರ್ವದ ಕೋಣೆಯಲ್ಲಿ ಒಂದು ಕಿಟಕಿಯು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿಯೇ ಆರಂಭವಾಗುತ್ತದೆ. ಸಾಧಾರಣವಾಗಿ ಮೂರಡಿಯ ಮೇಲೆ ಇಡುತ್ತಾರೆ; ಹಾಗಿದ್ದರೆ ತಗ್ಗಿನ ಮಣೆಯ ಮೇಲೆ ಕುಳಿತ ಮುದುಕರಿಗೆ ಆಕಾಶವಲ್ಲದೆ ಮತ್ತೇನೂ ಕಾಣದು. ಈ ಕಿಟಕಿಯ ಬಳಿ ಕುಳಿತ ನಮ್ಮ ತಾಯಿಯವರಿಗೆ ಬೀದಿಯೂ ತುಲಸಿಯೂ ಶಾಲೆಗೆ ಹೋಗುವ ಮಕ್ಕಳೂ ಕಾಣುತ್ತಿದ್ದರು. ಬಿಸಿಲು ಉತ್ತರಾಯಣದಲ್ಲಿ ಸರಿದಂತೆ ಅವರ ಮಣೆಯೂ ದಿನದಿನಕ್ಕೆ ಸರಿಯುತ್ತಿದ್ದಿತು. ಅರುವತ್ತು ವರ್ಷ ವಾಸಮಾಡಿದ ಮನೆಯಲ್ಲಿ ಬಿಸಿಲು ಯಾವ ತಿಂಗಳು ಎಲ್ಲಿ ಬೀಳುತ್ತಿದ್ದಿತೆಂದು ಕೇಳಿದ್ದರೆ ನಾವು ಉತ್ತರ ಹೇಳಲಾರೆವು. ಈ ಮನೆಯಲ್ಲಿ ಅದನ್ನು ಹೇಳಬಲ್ಲೆವು.

ಪೆಟ್ಟಿಗೆಗಳೆಲ್ಲ ಮಾಯವಾದ ಮರುದಿನ ಅವರ ಮಂಚದ ಮೇಲೆ ಗಂಟಿರಲಿಲ್ಲ. ಸೀರೆಗಳು ಗೋಡೆಯ ಗೂಡಿನಲ್ಲಿದ್ದುವು. ಗಂಗೆಯ ನೀರಿನ ತಂಬಿಗೆಯು ದೇವರ ಬಳಿಗೆ ಬಂದಿದ್ದಿತು. ಬಿಚ್ಚಿರೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಕಿಟಕಿಯ ಬಳಿ ಕುಳಿತೇ ಅವರು ಒಂದು ದಿನ ಬೇರೊಂದು ನಡುಮನೆಯ ಕಥೆಯನ್ನು ಹೇಳಿದರು. ನಮ್ಮ ಪೂರ್ವಿಕರ ಊರು ಶರಾವತಿಯ ದಡದಲ್ಲಿದ್ದಿತು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದು, ಆ ಕಡೆಯ ಅನೇಕ ಹಳ್ಳಿಗಳಂತೆ ಅದೂ ನೀರಿನ ಪಾಲಾಯಿತು. ಅದಕ್ಕೆ ಮೊದಲೇ ನಮ್ಮ ಅಜ್ಜನೂ ತಂದೆಯವರೂ ಮನೆಯನ್ನು ಬಿಚ್ಚಿ, ಹಲಸಿನ ಮರದ ನಾಲ್ಕು ಕಂಬಗಳನ್ನೂ ಬಾಗಿಲುಗಳನ್ನೂ ಗಾಡಿಯಲ್ಲಿ ಹೇರಿಕೊಂಡು ಸಾಗರಕ್ಕೆ ಬಂದರು. ಇಷ್ಟು ನಮಗೆ ತಿಳಿದಿದ್ದಿತು. ಮನೆ ಮುಗಿಯುವವರೆಗೆ ಅವರೆಲ್ಲ ಅಡಕೆಯ ಸೋಗೆ ಹೊದಿಸಿದ ಒಂದು ಕೊಟ್ಟಿಗೆಯಲ್ಲಿ ಇದ್ದರೆಂಬುದನ್ನು ಈಗ ಮೊದಲಬಾರಿಗೆ ಕೇಳಿದೆವು.

“ನಾನು ಅಳುತ್ತ ಕುಳಿತಿದ್ದೆ. ನಾಲ್ಕು ದಿನಕ್ಕೆ ಈ ಕೊಟ್ಟಿಗೆಯನ್ನೇನು ಸಾರಿಸುವುದು ಎಂದೆ. ನಿನ್ನ ಅಜ್ಜಿ ಸಗಣಿಯ ಬುಟ್ಟಿ ತಂದು ಮುಂದಿಟ್ಟು, ಒಂದು ರಾತ್ರಿ ಮಲಗುವ ಜಾಗವನ್ನಾದರೂ ಸಾರಿಸಿಯೇ ಮಲಗಬೇಕು ಎಂದರು” ಎಂದು ತಾಯಿಯವರು ಹೇಳಿದರು. ಊರಿನಲ್ಲಿ ನೆರೆಯವಳಾಗಿದ್ದ ದೀವರ ಕೇರಿಯ ಒಬ್ಬ ಹೆಂಗಸೂ ಮನೆಮಾರು ಬಿಟ್ಟು ಅಲ್ಲಿಯೇ ಸಮೀಪಕ್ಕೆ ಬಂದಿದ್ದಳಂತೆ. ಅವಳು ಆ ಕೊಟ್ಟಿಗೆಯ ಮಣ್ಣುಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನಿಂದ ಹಸೆಯ ಚಿತ್ತಾರವನ್ನು ಬರೆದುಕೊಟ್ಟಳಂತೆ.

“ಯಾಕೆ ಬರೆದಳು, ಗೊತ್ತೇ? ಮನೆಯಲ್ಲಿ ಮಗು ಹುಟ್ಟುವುದಿತ್ತು. ಬರಿಯ ಗೋಡೆಯನ್ನು ನೋಡುತ್ತ ಹುಟ್ಟಬಾರದು ಎಂದಳು. ಆಷಾಢದ ಮಳೆ. ನೀನು ಅಲ್ಲಿಯೇ ಹುಟ್ಟಿದೆ, ಮಾಣಿ.”

ಹೊಸ ಮನೆಯಲ್ಲಿ ಹುಟ್ಟಿದವರೆಂದು ಅರುವತ್ತು ವರ್ಷ ಎಣಿಸಿಕೊಂಡಿದ್ದ ನಾವು, ತಾತ್ಕಾಲಿಕ ವಸತಿಯಲ್ಲಿ ಹುಟ್ಟಿದವರು! ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಎದ್ದು ಹೋಗಿ ತುಲಸಿಗೆ ನೀರು ಹಾಕಿ ಬಂದೆವು.

ಈ ಕಥೆಯು ನೆರೆಮನೆಯ ಹೆಂಗಸಿನ ಕಿವಿಗೂ ಬಿದ್ದಿತು. ಅವರೂ ದೀವರ ಮನೆತನದವರು. ಮರುದಿನ ಅವರು ಹಿಂದಿನ ಭೂಮಿ ಹುಣ್ಣಿಮೆಯಲ್ಲಿ ಬರೆದ ಭೂಮಣ್ಣಿ ಬುಟ್ಟಿಯನ್ನು ತಂದು ತಾಯಿಯವರ ಮಡಿಲಲ್ಲಿಟ್ಟರು. ಈ ಬುಟ್ಟಿಯನ್ನು ಕಾಣದ ವಾಚಕರಿಗಾಗಿ ಒಂದೆರಡು ಮಾತು. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಗದ್ದೆಯಲ್ಲಿ ಬತ್ತವು ಹೊಡೆಯಾಗಿ, ಭೂಮಿಯು ಗರ್ಭಿಣಿಯಾಗಿರುವಳೆಂದು ಮಲೆನಾಡಿಗರ ಭಾವನೆ. ಬಸುರಿಯ ಬಯಕೆಗೆಂದು ಬಗೆಬಗೆಯ ಅಡಿಗೆ ಮಾಡಿ, ಬೆಳಗಿನ ಜಾವದಲ್ಲಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ಯುತ್ತಾರೆ. ದೀವರ ಹೆಣ್ಣುಮಕ್ಕಳು ಆ ಬಿದಿರಿನ ಬುಟ್ಟಿಗೆ ಸಗಣಿ ಮೆತ್ತಿ ಕೆಮ್ಮಣ್ಣು ಬಳಿದು, ಪುಂಡಿಯ ನಾರಿನ ಕುಂಚವನ್ನು ಅಕ್ಕಿಯ ಹಿಟ್ಟಿನಲ್ಲಿ ಅದ್ದಿ ಎಳೆ ಎಳೆಯಾಗಿ ಚಿತ್ತಾರ ತೆಗೆಯುತ್ತಾರೆ. ಗೋಡೆಯ ಮೇಲೆ ಬರೆಯುವ ಕಲೆಯೇ ಇಲ್ಲಿ ತಲೆಯ ಮೇಲೆ ಹೊರುವ ಬುಟ್ಟಿಯ ಮೇಲೆ ಬಂದಿರುವುದು. ಮೊಳೆ ಹೊಡೆಯಬಾರದ ಮನೆಗೆ ಇದಕ್ಕಿಂತ ಒಪ್ಪುವ ಅಲಂಕಾರವುಂಟೆ? ಗೋಡೆಯು ಯಜಮಾನರದಾದರೂ ಚಿತ್ತಾರವು ನಮ್ಮೊಡನೆ ನಡೆದುಬರುತ್ತದೆ.

ಆ ಬುಟ್ಟಿಯನ್ನು ಕೆಂಪು ನೆಲದ ಮೇಲೆ ಇಟ್ಟು ನೋಡುತ್ತಿರುವಾಗ, ಎರಡರ ಬಣ್ಣವೂ ಒಂದೇ ಆಗಿರುವುದು ಕಣ್ಣಿಗೆ ಬಿದ್ದಿತು. ಕೆಮ್ಮಣ್ಣಿಗೆ ಕೆಂಪು ಬರುವುದು ಕಬ್ಬಿಣದ ಅಂಶದಿಂದ. ಗಾರೆಗೆ ಬೆರೆಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಕೆಂಪಿನ ಮೇಲೆ ಬಿಳಿಯ ಗೆರೆ: ನಮ್ಮ ಸೀಮೆಯ ಮನೆಗಳ ಹಳೆಯ ವರ್ಣಸಂಯೋಜನೆ. ದೇಶವಿದೇಶದ ಚಿತ್ರಗಳಲ್ಲಿ ನಾವು ಹುಡುಕುತ್ತಿದ್ದುದು ಕಾಲಕೆಳಗೇ ಇದ್ದಿತು.

ಆ ವೇಳೆಗೆ ಕಟ್ಟಡದ ಗೋಡೆಗಳು ಏಳುವುದರಲ್ಲಿದ್ದುವು. ನಾವು ಎಂಜಿನಿಯರ ಬಳಿಗೆ ಹೋಗಿ ನಕ್ಷೆಯನ್ನು ತಿದ್ದಿಸಿದೆವು. ಎರಡು ಅಂತಸ್ತಿನ ಹಜಾರವು ಹೋಯಿತು. ಮುಂದುಗಡೆ ಹೆಂಚಿನ ಮಾಡಿನ ಜಗಲಿಯು ಬಂದಿತು. ಜಗಲಿಯ ಮಾಡನ್ನು ಶರಾವತಿಯಿಂದ ಬಂದ ಆ ನಾಲ್ಕು ಹಲಸಿನ ಕಂಬಗಳು ಹೊರುತ್ತವೆ. ಅವುಗಳಿಗೆ ಇದು ಮೂರನೆಯ ಮನೆ. ತಾಯಿಯವರ ಕೋಣೆಯು ಹಿಂದಿನ ಮೂಲೆಯಿಂದ ಪೂರ್ವಕ್ಕೆ ಬಂದಿತು; ಅದರ ಕಿಟಕಿಯು ಒಂದೂವರೆ ಅಡಿಯಿಂದಲೇ ಆರಂಭ. ಹಳೆಯ ಮನೆಯ ಎತ್ತರದ ಹೊಸಿಲುಗಳನ್ನು ಅವರು ಎಷ್ಟೋ ಬಾರಿ ಎಡವಿದ್ದರು. ಆದುದರಿಂದ ಹೊಸಿಲು ಹೆಬ್ಬಾಗಿಲಿಗೆ ಮಾತ್ರ ಸಾಕು, ಒಳಬಾಗಿಲುಗಳಿಗೆ ಬೇಡವೆಂದು ನಿಶ್ಚಯಿಸಿದೆವು. ನೆಲವು ಬಿಳಿಯದಲ್ಲ, ಕೆಂಪು ಗಾರೆಯದು. ಅದನ್ನು ಬಲ್ಲ ಕೆಲಸಗಾರರು ಈಗ ವಿರಳವಾದರೂ ಒಬ್ಬ ವೃದ್ಧರು ಒಪ್ಪಿಕೊಂಡಿದ್ದಾರೆ. ಎಂಜಿನಿಯರು, “ಇದೆಲ್ಲ ಯಾವ ಪುಸ್ತಕದಲ್ಲಿ ನೋಡಿದಿರಿ, ಮೇಷ್ಟ್ರೇ?” ಎಂದು ಕೇಳಿದರು. ಬಾಡಿಗೆಯ ಮನೆಯಲ್ಲಿ ನೋಡಿದೆವೆಂದು ಹೇಳಿದೆವು.

ಸಂಸ್ಕೃತದ ಉಪಾಧ್ಯಾಯರಿಗೆ ಧಾತುವನ್ನು ಹೇಳದಿದ್ದರೆ ಸಮಾಧಾನವಿಲ್ಲ, ವಾಚಕರು ಮನ್ನಿಸಬೇಕು. ಗೃಹವೆಂಬ ಶಬ್ದವನ್ನು ಗ್ರಹ್ ಧಾತುವಿನಿಂದ ಹೇಳುತ್ತಾರೆ. ಹಿಡಿದುಕೊಳ್ಳುವುದೆಂದು ಅದರ ಅರ್ಥ. ವಾಸ್ತುವೆಂಬುದು ವಸ್ ಧಾತುವಿನಿಂದ ಆದುದು, ವಾಸಿಸುವುದೆಂದು ಅರ್ಥ. ನಾವು ಎರಡು ತಿಂಗಳ ಕಾಲ ಗೃಹವನ್ನು ಮಾತ್ರ ಚಿಂತಿಸುತ್ತಿದ್ದೆವು: ನಮ್ಮ ಹೆಸರಿನಲ್ಲಿರುವುದು, ನಮ್ಮ ಹಿಡಿತದಲ್ಲಿರುವುದು. ವಾಸ್ತುವಿಗೆ ಪಟ್ಟೆ ಪತ್ರಗಳು ಬೇಕಿಲ್ಲ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗವಲ್ಲಿಯನ್ನಿಟ್ಟಲ್ಲಿ ಅದು ಉಂಟಾಗುತ್ತದೆ. ಮರುದಿನ ಅಳಿಸಿಹೋಗುವುದೆಂದು ತಿಳಿದೇ ಇಡುವ ರಂಗವಲ್ಲಿ.

ಮಳೆಗಾಲದಲ್ಲಿ ಕಟ್ಟಡದ ಕೆಲಸವು ನಿಂತುಹೋಗಿ, ಎಣಿಸಿದ ಕಾಲಕ್ಕೆ ಮನೆ ಮುಗಿಯಲಿಲ್ಲ. ಈ ತಿಂಗಳು ಕರಾರನ್ನು ಮತ್ತೆ ಬರೆಯಬೇಕಾಯಿತು. ಹಿಂದಿನ ನಾವಾಗಿದ್ದರೆ ಇದನ್ನು ದೊಡ್ಡ ದುಃಖವಾಗಿ ಮಾಡಿಕೊಳ್ಳುತ್ತಿದ್ದೆವು. ಈಗ ಯಜಮಾನರಿಗೆ ಬಾಡಿಗೆಯನ್ನು ಕೊಟ್ಟು, ಅವರ ಮನೆಯ ಮಾಡಿನ ಒಡೆದ ಎರಡು ಹೆಂಚುಗಳನ್ನು ನಾವೇ ಹಾಕಿಸಿದೆವು.

ಇಂಥ ನಡುಗಾಲದಲ್ಲಿರುವ ಗೃಹಸ್ಥರಿಗೆ ನಮ್ಮ ವಿಜ್ಞಾಪನೆಯು ಇಷ್ಟೆ. ಹೊಸ ಮನೆಯ ನಕ್ಷೆಯನ್ನು ಕೈಯಲ್ಲಿ ಹಿಡಿಯುವ ಮೊದಲು ಇರುವ ಮನೆಯ ಪೆಟ್ಟಿಗೆಗಳನ್ನು ಬಿಚ್ಚಿರಿ. ಮನೆಯ ಹಿರಿಯರಿಗೂ ಮಕ್ಕಳಿಗೂ ಮೊದಲು ಒಂದೊಂದು ಜಾಗವನ್ನು ಮಾಡಿಕೊಡಿರಿ. ಬಿಸಿಲು ಎಲ್ಲಿ ಬೀಳುವುದು, ಯಾರು ಎಲ್ಲಿ ಹೋಗಿ ಕೂರುವರು ಎಂಬುದನ್ನು ಒಂದೆರಡು ತಿಂಗಳು ನೋಡಿರಿ. ಕಟ್ಟಬೇಕಾದ ಮನೆಯ ನಕ್ಷೆಯು ಅಲ್ಲಿಯೇ ಕಾಣುತ್ತದೆ.

ಇದನ್ನು ಬರೆಯುತ್ತಿರುವುದು ಭೂಮಿ ಹುಣ್ಣಿಮೆಯ ಹಿಂದಿನ ದಿನ. ನೆರೆಮನೆಯವರು ಈ ಸಲದ ಬುಟ್ಟಿಯನ್ನು ನಮ್ಮ ಕೆಂಪು ನೆಲದ ಮೇಲೆಯೇ ಕುಳಿತು ಬರೆಯುತ್ತಿದ್ದಾರೆ. ನಾರಿನ ಕುಂಚವನ್ನು ತಾಯಿಯವರ ಕೈಗೆ ಕೊಟ್ಟು, “ಅಮ್ಮಾ, ನೀವೂ ಒಂದು ಎಳೆ ಎಳೆಯಿರಿ” ಎಂದರು. ತಾಯಿಯವರ ಕೈ ನಡುಗಿ, ಗೆರೆಯು ಸ್ವಲ್ಪ ಸೊಟ್ಟಗಾಯಿತು. ಅದನ್ನು ಒರಸಿ ತಿದ್ದಲು ಹೋದವರನ್ನು ಅವರೇ ತಡೆದು, “ಇರಲಿ ಬಿಡು, ತಂಗಿ. ಮುಂದಿನ ವರ್ಷ ಆ ಮನೆಯಲ್ಲಿ ನೆಟ್ಟಗೆ ಎಳೆಯುತ್ತೇನೆ” ಎಂದರು.